ಕ್ರಿಸ್ಮಸ್ ತಿಂಡಿ: ಅಜ್ಜಿ ಹೇಳಲಿ, ಮೊಮ್ಮಕ್ಕಳು ಮಾಡಲಿ

(ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲೂಕಿನ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದ ಸಭೆ ಅಂದ ಮೇಲೆ ಉಳಿತಾಯ, ಸಾಲ, ಬಡ್ಡಿ, ನಡಾವಳಿ ಪುಸ್ತಕ ಇವುಗಳ ಮಾತು ಇದ್ದದ್ದೇ. ಇವತ್ತು ಅಡುಗೆ ಮನೆಯ ಮಾತು ಆಡೋಣ. "ಇದೇನ್ರಿ ಸಿಸ್ಟರ್, ಉಂಡಿ ಕಟ್ಟೋದು ನಮಗ ಗೊತ್ತಿಲ್ಲೇನು?" ಅಂತ ನೀವು ನಗಬಹುದು. ನಿಮಗೆ ಗೊತ್ತು. ನನಗಿಂತ ಚೆನ್ನಾಗಿ ಗೊತ್ತು. ಆದರೆ ನಿಮ್ಮ ಮೊಮ್ಮಕ್ಕಳಿಗೆ ಗೊತ್ತೇನು? ನನ್ನ ಪ್ರಶ್ನೆ ಅಷ್ಟೇ.

ಇಲ್ಲಿ ಕುಳಿತವರಲ್ಲಿ ಕ್ರೈಸ್ತರು ಇದ್ದೀರಿ, ಹಿಂದೂಗಳು ಇದ್ದೀರಿ, ಮುಸಲ್ಮಾನರು ಇದ್ದೀರಿ. ಕ್ರಿಸ್ಮಸ್ ತಿಂಡಿ ಅಂದರೆ ಇದು ನಮ್ಮ ಮಾತಲ್ಲ ಅಂತ ಯಾರೂ ಎದ್ದು ಹೋಗಬೇಡ್ರಿ. ಹಬ್ಬ ಯಾವುದೇ ಇರಲಿ, ಒಲೆ ಒಂದೇ. ಮೊಹರಮ್ಮಿನಲ್ಲಿ ಅಲಾಯಿ ಹಬ್ಬದ ಚೊಂಗೆಯನ್ನು ನಾವೆಲ್ಲ ತಿಂದವರೇ. ಎಳ್ಳಮಾವಾಸ್ಯೆಗೆ ಹೊಲದಾಗ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ ಹಂಚಿಕೊಂಡು ಉಂಡವರೇ. ಎಳ್ಳಮಾವಾಸ್ಯೆ ಕ್ರಿಸ್ಮಸ್ಸಿನ ಆಸುಪಾಸಿನಲ್ಲೇ ಬರುತ್ತದೆ, ಅದರ ಹಿಂದೆ ಸಂಕ್ರಾಂತಿ. ಎಳ್ಳು, ಬೆಲ್ಲ, ಶೇಂಗಾ ತಿನ್ನುವ ಚಳಿಗಾಲ ಇದು. ನಮ್ಮ ಹಿರಿಯರು ಕಾಲ ನೋಡಿಯೇ ತಿಂಡಿ ಮಾಡಿದ್ದಾರೆ.

ಕೇಕು ಇಲ್ಲದೆ ಹಬ್ಬ ಇಲ್ಲವೇ?

ಈಗ ಡಿಸೆಂಬರ್ ಬಂತೆಂದರೆ ಬೇಕರಿಯ ಮುಂದೆ ಕೇಕಿನ ಡಬ್ಬಿಗಳು ಗೋಡೆ ಕಟ್ಟಿದ ಹಾಗೆ ನಿಲ್ಲುತ್ತವೆ. ಮಕ್ಕಳು ಅದನ್ನೇ ಕೇಳುತ್ತವೆ. ಕೇಕು ತಿನ್ನಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಕೇಕು ಇಲ್ಲದಿದ್ದರೆ ಕ್ರಿಸ್ಮಸ್ಸೇ ಇಲ್ಲ ಅನ್ನುವುದು ಈಚಿನ ಮಾತು. ನಮ್ಮ ದೇಶದಲ್ಲಿ ಮೊದಲ ಕ್ರಿಸ್ಮಸ್ ಕೇಕನ್ನು ಮಾಡಿದ್ದು 1883ರಲ್ಲಿ, ಕೇರಳದ ತಲಶ್ಶೇರಿಯಲ್ಲಿ, ಮಂಬಳ್ಳಿ ಬಾಪು ಎಂಬುವರು ಅಂತ ಹೇಳುತ್ತಾರೆ. ಮರ್ಡಾಕ್ ಬ್ರೌನ್ ಎಂಬ ಬ್ರಿಟಿಷ್ ತೋಟದ ಮಾಲೀಕ ತಂದು ತೋರಿಸಿದ ಕೇಕನ್ನು ನೋಡಿ ಅವರು ಮಾಡಿದರಂತೆ. ಅದಕ್ಕಿಂತ ಎಷ್ಟೋ ಹಿಂದಿನಿಂದ ಈ ನಾಡಿನಲ್ಲಿ ಕ್ರೈಸ್ತರು ಇದ್ದಾರೆ. ನಮ್ಮ ಜಿಲ್ಲೆಯ ಮುದಗಲ್ಲನ್ನೇ ನೋಡ್ರಿ. ಅಲ್ಲಿಯ ಕ್ರೈಸ್ತ ಸಮುದಾಯ ಆದಿಲ್ ಶಾಹಿಗಳ ಕಾಲದಷ್ಟು ಹಳೆಯದು. ಅವರೆಲ್ಲ ಕೇಕಿಗಾಗಿ ಕಾಯುತ್ತಾ ಹಬ್ಬ ಮಾಡದೆ ಕೂತಿದ್ದರೇ? ಇಲ್ಲ. ಮನೆಯಲ್ಲಿ ಏನಿತ್ತೋ ಅದನ್ನೇ ಸಿಹಿ ಮಾಡಿಕೊಂಡರು.

ಮಂಗಳೂರು ಕಡೆಯ ಕಥೊಲಿಕರ ಮನೆಗಳಲ್ಲಿ ಕ್ರಿಸ್ಮಸ್ ತಿಂಡಿಗಳಿಗೆಲ್ಲ ಸೇರಿಸಿ 'ಕುಸ್ವಾರ್' ಅನ್ನುತ್ತಾರೆ. ನೆವ್ರಿ, ಕಿಡ್ಯೊ, ತುಕ್ಡಿ, ಗುಲಾಬಿ ಹೂವಿನ ಆಕಾರದ ಕೊಕ್ಕಿಸಾಂ, ಚಕ್ಕುಲಿ, ಲಾಡು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ, ಮಕ್ಕಳ ಕೈಯಲ್ಲಿ ನೆರೆಮನೆಗೆ ಕಳಿಸುತ್ತಾರೆ. ನೆರೆಯವರು ಯಾವ ಜಾತಿ, ಯಾವ ಧರ್ಮ ಅಂತ ನೋಡುವುದಿಲ್ಲ.

ಈ ನೆವ್ರಿ ಅಂದರೆ ಏನು ಗೊತ್ತೇನು? ನಮ್ಮ ಕರ್ಚಿಕಾಯಿಯೇ! ತುಕ್ಡಿ ಅಂದರೆ ನಮ್ಮ ಶಂಕರಪೋಳಿಯ ಅಕ್ಕ. ಆ ಗುಲಾಬಿ ಹೂವಿನ ತಿಂಡಿಯನ್ನು ಕೇರಳದವರು ಅಚ್ಚಪ್ಪ ಅನ್ನುತ್ತಾರೆ, ತೆಲುಗಿನವರು ಗುಲಾಬಿ ಪುವ್ವುಲು ಅನ್ನುತ್ತಾರೆ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ತೆಲುಗು ಸೀಮೆಯ ಬಂಧು ಬಳಗ ನಿಮ್ಮಲ್ಲಿ ಅನೇಕರಿಗೆ ಇಂದಿಗೂ ಇದೆ. ಅವರ ಮನೆಯಲ್ಲಿ ಆ ಹೂವಿನ ಅಚ್ಚು ಇದ್ದರೂ ಇರಬಹುದು, ಕೇಳಿ ನೋಡ್ರಿ. ಅಂದರೆ ಕ್ರಿಸ್ಮಸ್ ತಿಂಡಿ ಅನ್ನುವುದು ಎಲ್ಲಿಂದಲೋ ಬಂದ ಹೊಸ ವಿದ್ಯೆಯಲ್ಲ. ನಿಮ್ಮ ಕೈಯಲ್ಲೇ ಇದೆ.

ಸಾಲ ಮಾಡಿ ತುಪ್ಪ ತಿನ್ನುವುದು ಬೇಡ

ಹಬ್ಬದ ಖರ್ಚಿನ ಮಾತು ಮೊದಲು ಆಡಿಬಿಡೋಣ. ಹೊಸ ಬಟ್ಟೆ, ಕೇಕು, ಕೋಳಿ, ನಕ್ಷತ್ರದ ದೀಪ ಅಂತ ಡಿಸೆಂಬರಿನಲ್ಲಿ 3,000 ರೂಪಾಯಿ ಕೈಗಡ ತಂದಿರಿ ಅಂತಿಟ್ಟುಕೊಳ್ಳಿ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 150. ಜನವರಿಯಿಂದ ಅಕ್ಟೋಬರ್ ವರೆಗೆ ಹತ್ತು ತಿಂಗಳಿಗೆ 1,500. ಅಸಲು ಹಾಗೇ ನಿಂತಿರುತ್ತದೆ. ಒಂದು ದಿನ ತಿಂದ ಕೇಕಿನ ಬಡ್ಡಿಯನ್ನು ಮುಂದಿನ ಹಬ್ಬದವರೆಗೆ ಕಟ್ಟಿದ ಹಾಗಾಯಿತು. ಸಾಲ ವಸೂಲಿಯ ಕಾಟ ನಮ್ಮ ರಾಜ್ಯದಲ್ಲಿ ಎಷ್ಟು ಹೆಚ್ಚಿತ್ತು ಅಂದರೆ, 2025ರ ಫೆಬ್ರುವರಿಯಲ್ಲಿ ಸರ್ಕಾರ ಕಿರುಸಾಲದ ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ನಮ್ಮನ್ನು ಕಾಟದಿಂದ ಕಾಪಾಡಬಹುದು. ಸಾಲ ಮಾಡದಂತೆ ಕಾಪಾಡುವವರು ನಾವೇ.

ಅದರ ಬದಲು ಹೀಗೆ ಮಾಡಬಹುದು. ಅಕ್ಟೋಬರ್ ಮೊದಲ ವಾರದಿಂದ ಪ್ರತಿ ಸದಸ್ಯೆ ವಾರದ ಉಳಿತಾಯದ ಜೊತೆಗೆ ಇನ್ನೂ 20 ರೂಪಾಯಿ 'ಹಬ್ಬದ ಉಳಿತಾಯ' ಅಂತ ಬೇರೆ ಪುಸ್ತಕದಲ್ಲಿ ಬರೆಸಲಿ. 12 ವಾರಕ್ಕೆ ಒಬ್ಬರಿಗೆ 240 ರೂಪಾಯಿ. ಸಂಘದಲ್ಲಿ 15 ಜನ ಇದ್ದರೆ 3,600 ರೂಪಾಯಿ. ಇಬ್ಬರು ಸದಸ್ಯೆಯರು ರಾಯಚೂರಿನ ರಾಜೇಂದ್ರ ಗಂಜಿಗೆ ಹೋಗಿ ಶೇಂಗಾ, ಬೆಲ್ಲ, ಎಳ್ಳು, ಪುಟಾಣಿ, ಕೊಬ್ಬರಿ ಒಟ್ಟಿಗೆ ತಂದು, ತೂಕ ಮಾಡಿ ಹಂಚಿಕೊಳ್ಳಲಿ. ಕಿರಾಣಿ ಅಂಗಡಿಯಲ್ಲಿ ಪಾವ್ ಕಿಲೋ, ಅರ್ಧ ಪಾವ್ ಅಂತ ಕೊಳ್ಳುವುದಕ್ಕಿಂತ ಅಗ್ಗ ಬೀಳುತ್ತದೆ. ಚೀಟಿ, ರಸೀದಿ ತಪ್ಪದೆ ತರಬೇಕು, ಸಭೆಯಲ್ಲಿ ಓದಬೇಕು. ಇದೇ ಪದ್ಧತಿ ಎಳ್ಳಮಾವಾಸ್ಯೆಗೂ ಆಗುತ್ತದೆ, ರಂಜಾನಿಗೂ ಆಗುತ್ತದೆ.

ಯಾರ ಮನೆಯಲ್ಲಿ ಅಜ್ಜಿಯೇ ಅವ್ವ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದೇವದುರ್ಗ, ಮಾನ್ವಿ ತಾಲೂಕಿನ ಎಷ್ಟೋ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋಗುತ್ತಾರೆ. ನಾವು ಗುಳೆ ಅನ್ನುತ್ತೇವೆ. ಶಾಲೆ ತಪ್ಪಬಾರದು ಅಂತ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುತ್ತಾರೆ. ಒಳ್ಳೆಯದೇ ಮಾಡುತ್ತಾರೆ. ಆದರೆ ಆ ಅಜ್ಜಿಗೆ ಅರವತ್ತಾಗಿರುತ್ತದೆ, ಮೊಣಕಾಲು ನೋವು, ಸಕ್ಕರೆ ಕಾಯಿಲೆ. ಮಗುವಿಗೆ ಅಜ್ಜಿಯೇ ಅವ್ವ, ಅಜ್ಜಿಯೇ ಅಪ್ಪ.

ದೇವದುರ್ಗ ತಾಲೂಕಿನ ಒಬ್ಬ ಅಜ್ಜಿಯ ಮಾತು ಹೇಳುತ್ತೇನೆ, ಹೆಸರು ಬೇಡ. ಇಬ್ಬರು ಮೊಮ್ಮಕ್ಕಳು, ಹುಡುಗಿ ಆರನೇ ಇಯತ್ತೆ, ಹುಡುಗ ಎರಡನೆಯದು. ಮಗ ಸೊಸೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಹಬ್ಬಕ್ಕೆ ಬರುತ್ತೇವೆ ಅಂದವರು ಬರಲಾಗಲಿಲ್ಲ, ಮೇಸ್ತ್ರಿ ಲೆಕ್ಕ ಮುಗಿಸಿರಲಿಲ್ಲ. ಹುಡುಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲವಂತೆ. ಆ ಅಜ್ಜಿ ಬುದ್ಧಿವಂತೆ. ಅವನನ್ನು ಗದರಿಸಲಿಲ್ಲ, ಹತ್ತು ರೂಪಾಯಿಯ ಚಿಪ್ಸ್ ಕೊಡಿಸಿ ಬಾಯಿ ಮುಚ್ಚಿಸಲೂ ಇಲ್ಲ. "ಬಾರಪ್ಪ, ನಿಮ್ಮವ್ವಗ ಉಂಡಿ ಕಟ್ಟೋಣು. ಪಕ್ಕದ ಮನಿಯವರು ನಾಡಿದ್ದು ಬೆಂಗಳೂರಿಗೆ ಹೊಂಟಾರ, ಅವರ ಕೈಯಾಗ ಕಳಸೋಣು" ಅಂದಳು. ಹುಡುಗ ಶೇಂಗಾದ ಸಿಪ್ಪೆ ತಿಕ್ಕಿದ, ಹುಡುಗಿ ಬೆಲ್ಲ ಕುಟ್ಟಿದಳು. ಉಂಡಿ ಕಟ್ಟುವಾಗ ಅವನು ಒಂದನ್ನು ದೊಡ್ಡದು ಮಾಡಿ "ಇದು ಅವ್ವಂದು" ಅಂತ ಬೇರೆ ಇಟ್ಟ. ಡಬ್ಬಿ ಬಸ್ಸಿನಲ್ಲಿ ಹೋಯಿತು. ಮೂರನೇ ದಿನ ಫೋನಿನಲ್ಲಿ ಸೊಸೆ ಆ ದೊಡ್ಡ ಉಂಡಿಯನ್ನು ಹಿಡಿದು ತೋರಿಸಿದಳು.

ತಾಯಂದಿರೇ, ಆ ಮಗುವಿಗೆ ಬೇಕಾಗಿದ್ದು ಸಿಹಿ ಅಲ್ಲ. ಅವ್ವನಿಗಾಗಿ ತಾನು ಏನಾದರೂ ಮಾಡಬಲ್ಲೆ ಅನ್ನುವ ಭಾವನೆ. ದೂರ ಹೋದ ತಂದೆ ತಾಯಿಯ ಮೇಲೆ ಮಗುವಿಗೆ ಸಿಟ್ಟು ಬರುತ್ತದೆ, ತಮ್ಮನ್ನು ಬಿಟ್ಟು ಹೋದರು ಅನ್ನಿಸುತ್ತದೆ. ಅದನ್ನು ಬಾಯಿಬಿಟ್ಟು ಹೇಳಲು ಅವಕ್ಕೆ ಬರುವುದಿಲ್ಲ. ಕೈಗೆ ಕೆಲಸ ಸಿಕ್ಕರೆ ಬಾಯಿ ತಾನಾಗಿ ಬಿಚ್ಚುತ್ತದೆ. "ಎದುರಿಗೆ ಕೂತು ಏನಾಗೇತಿ ಹೇಳು" ಅಂದರೆ ಮಗು ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಶೇಂಗಾ ಕೇರುತ್ತಿದ್ದರೆ ಶಾಲೆಯಲ್ಲಿ ಯಾರು ಹೊಡೆದರು, ಯಾರು ಅಣಕಿಸಿದರು, ಎಲ್ಲಾ ಹೊರಗೆ ಬರುತ್ತದೆ. ಆಗ ನೀವು ಕೇಳಿಸಿಕೊಳ್ಳಿ, ಬುದ್ಧಿ ಹೇಳಲು ಅವಸರ ಮಾಡಬೇಡಿ.

ಯಾವ ವಯಸ್ಸಿಗೆ ಯಾವ ಕೆಲಸ

ಐದು ವರ್ಷದೊಳಗಿನವರಿಗೆ: ಎಳ್ಳು, ಗಸಗಸೆ ಕೈಯಲ್ಲಿ ಹಿಡಿದು ಉದುರಿಸುವುದು, ಉಂಡಿಗಳನ್ನು ಎಣಿಸಿ ತಟ್ಟೆಯಲ್ಲಿ ಇಡುವುದು. ಇಷ್ಟು ಚಿಕ್ಕವರಿಗೆ ಇಡೀ ಶೇಂಗಾ ಬೀಜ ತಿನ್ನಲು ಕೊಡಬೇಡಿ, ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಕುಟ್ಟಿದ್ದನ್ನೇ ಕೊಡಿ.

ಆರರಿಂದ ಒಂಬತ್ತು ವರ್ಷದವರಿಗೆ: ಶೇಂಗಾ ಸಿಪ್ಪೆ ತಿಕ್ಕುವುದು, ಮರದಲ್ಲಿ ಕೇರುವುದು, ಅಳತೆ ಮಾಡುವುದು, ಉಂಡಿ ಕಟ್ಟುವುದು, ಕರ್ಚಿಕಾಯಿಯ ಅಂಚು ಒತ್ತುವುದು.

ಹತ್ತು ವರ್ಷ ದಾಟಿದವರಿಗೆ: ಹಿಟ್ಟು ನಾದುವುದು, ಲಟ್ಟಿಸುವುದು, ಹೂರಣ ತುಂಬುವುದು, ಬರೆದುಕೊಳ್ಳುವುದು. ಕಾದ ಎಣ್ಣೆಯ ಕೆಲಸ ದೊಡ್ಡವರದು.

ಇನ್ನೊಂದು ಮಾತು. ಮೊಮ್ಮಗಳನ್ನು ಮಾತ್ರ ಕರೆದು, ಮೊಮ್ಮಗನನ್ನು ಆಡಲು ಬಿಡಬೇಡಿ. ತಿನ್ನಲು ಇಬ್ಬರೂ ಬರುತ್ತಾರಲ್ಲ, ಮಾಡಲೂ ಇಬ್ಬರೂ ಬರಲಿ. ಪಾತ್ರೆ ತಿಕ್ಕುವಾಗ ಹುಡುಗನೂ ಕೂಡಲಿ. ನಾಳೆ ಅವನ ಹೆಂಡತಿಗೆ ನೀವು ಕೊಡುವ ದೊಡ್ಡ ಉಡುಗೊರೆ ಅದು.

ಮೂರು ತಿಂಡಿ

ಒಂದು, ಶೇಂಗಾ ಉಂಡಿ. ಇದಕ್ಕೆ ಎಣ್ಣೆ ಕಾಯಿಸುವ ಗೋಜಿಲ್ಲ, ಆದ್ದರಿಂದ ಮಕ್ಕಳಿಗೆ ಮೊದಲು ಇದನ್ನೇ ಕಲಿಸಿ. ಶೇಂಗಾ ಅರ್ಧ ಕಿಲೋ, ಬೆಲ್ಲ 350 ಗ್ರಾಂ, ಬಿಳಿ ಎಳ್ಳು 100 ಗ್ರಾಂ, ಯಾಲಕ್ಕಿ ನಾಲ್ಕು. ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಸಿಪ್ಪೆ ತಿಕ್ಕಿ ಕೇರಬೇಕು. ಎಳ್ಳು ಚಟಪಟ ಅನ್ನುವವರೆಗೆ ಹುರಿಯಬೇಕು. ಶೇಂಗಾವನ್ನು ತರಿತರಿಯಾಗಿ ಕುಟ್ಟಿ, ಬೆಲ್ಲ ಸೇರಿಸಿ ಮತ್ತೆ ಕುಟ್ಟಿದರೆ ಶೇಂಗಾದ ಎಣ್ಣೆಯೇ ಬಿಟ್ಟು ಕೈಗೆ ಅಂಟುತ್ತದೆ. ಆಗ ಎಳ್ಳು, ಯಾಲಕ್ಕಿ ಪುಡಿ ಬೆರೆಸಿ ಕಟ್ಟಿ. ನಿಂಬೆಹಣ್ಣಿನ ಗಾತ್ರದ್ದು ಸುಮಾರು 30 ಆಗುತ್ತವೆ. ಬೂಸ್ಟು ಹಿಡಿದ, ಕಪ್ಪಾದ, ಕಹಿ ಬೀಜವನ್ನು ಆರಿಸಿ ಎಸೆಯಿರಿ. ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಹುರಿದರೂ ಪೂರ್ತಿ ಹೋಗುವುದಿಲ್ಲ. ಆರಿಸುವ ಕೆಲಸಕ್ಕೆ ಮಕ್ಕಳ ಕಣ್ಣು ನಮ್ಮ ಕಣ್ಣಿಗಿಂತ ಚುರುಕು.

ಎರಡು, ಕರ್ಚಿಕಾಯಿ. ಮೈದಾ ಅಥವಾ ಗೋಧಿ ಹಿಟ್ಟು ಅರ್ಧ ಕಿಲೋ, ಚಿಟಿಕೆ ಉಪ್ಪು, ಕಾಯಿಸಿದ ಎಣ್ಣೆ ಎರಡು ದೊಡ್ಡ ಚಮಚ. ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ತಾಸು ಇಡಿ. ಹೂರಣಕ್ಕೆ ಒಣ ಕೊಬ್ಬರಿ ತುರಿ ಒಂದು ಬಟ್ಟಲು, ಪುಟಾಣಿ ಹಿಟ್ಟು ಒಂದು ಬಟ್ಟಲು, ಬೆಲ್ಲದ ಪುಡಿ ಅಥವಾ ಸಕ್ಕರೆ ಪುಡಿ ಒಂದು ಬಟ್ಟಲು, ಹುರಿದ ಎಳ್ಳು, ಗಸಗಸೆ ಎರಡೆರಡು ಚಮಚ, ಯಾಲಕ್ಕಿ. ಮಂಗಳೂರಿನ ನೆವ್ರಿಗೆ ಒಣದ್ರಾಕ್ಷಿ, ಗೋಡಂಬಿ ಚೂರು ಹಾಕುತ್ತಾರೆ. ಕೈಗೆ ಸಿಕ್ಕರೆ ಹಾಕಿ, ಸಿಗದಿದ್ದರೆ ಶೇಂಗಾ ಚೂರು ಸಾಕು. ಹೂರಣ ಒಣದಾಗಿರಬೇಕು. ಹಸಿ ಕೊಬ್ಬರಿ ಹಾಕಿದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ, ಬೇಗ ಕೆಡುತ್ತದೆ. ಪೂರಿಯ ಹಾಗೆ ಲಟ್ಟಿಸಿ, ಒಂದು ಚಮಚ ಹೂರಣ ಇಟ್ಟು, ಅಂಚಿಗೆ ನೀರು ಅಥವಾ ಹಾಲು ಸವರಿ ಮಡಚಿ ಗಟ್ಟಿಯಾಗಿ ಒತ್ತಿ. ಸಣ್ಣ ಉರಿಯಲ್ಲಿ ನಿಧಾನವಾಗಿ ಕರಿದರೆ ಗರಿಗರಿಯಾಗುತ್ತದೆ. ಉರಿ ಜೋರಾದರೆ ಮೇಲೆ ಕೆಂಪಗೆ, ಒಳಗೆ ಹಸಿ.

ಮೂರು, ಕಿಡ್ಯೊ. ಕೊಂಕಣಿಯಲ್ಲಿ ಕಿಡೊ ಅಂದರೆ ಹುಳ. "ಹುಳದ ತಿಂಡಿ" ಅಂದರೆ ಸಾಕು, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ಓಡಿ ಬಂದು ಕೂಡುತ್ತಾರೆ. ಮೈದಾ ಎರಡು ಬಟ್ಟಲು, ಸಕ್ಕರೆ ಪುಡಿ ಎರಡು ಚಮಚ, ಚಿಟಿಕೆ ಉಪ್ಪು, ಕಾಯಿಸಿದ ಎಣ್ಣೆ ಅಥವಾ ತುಪ್ಪ ಒಂದು ಚಮಚ. ತೆಂಗಿನ ಹಾಲಿನಲ್ಲಿ ನಾದುತ್ತಾರೆ, ನಮ್ಮ ಕಡೆ ತೆಂಗಿನಕಾಯಿ ತುಟ್ಟಿ ಅನ್ನಿಸಿದರೆ ಆಕಳ ಹಾಲು ಆಗುತ್ತದೆ. ಮೊಟ್ಟೆ ತಿನ್ನುವವರು ಒಂದು ಮೊಟ್ಟೆ ಹಾಕಬಹುದು. ಗೋಲಿಯಷ್ಟು ಹಿಟ್ಟು ತೆಗೆದುಕೊಂಡು ಮುಳ್ಳು ಚಮಚದ ಬೆನ್ನಿನ ಮೇಲೆ, ಅದಿಲ್ಲದಿದ್ದರೆ ಇದಕ್ಕೆಂದೇ ತಂದ ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಗೆರೆ ಬಿದ್ದು ಹುಳದ ಹಾಗೇ ಕಾಣುತ್ತದೆ. ಕರಿದ ಮೇಲೆ ಗಟ್ಟಿ ಸಕ್ಕರೆ ಪಾಕದಲ್ಲಿ ಹೊರಳಿಸಿದರೆ ಬೆಳ್ಳಗೆ ಹಿಮ ಬಿದ್ದ ಹಾಗೆ ಆಗುತ್ತದೆ. ಪಾಕ ಬೇಡವೆಂದರೆ ಹಾಗೆಯೇ ತಿನ್ನಬಹುದು. ಮಕ್ಕಳು ಸುತ್ತಿದ್ದು ಸೊಟ್ಟಗಿದ್ದರೆ ಇರಲಿ. ಅದನ್ನು ಬಿಚ್ಚಿ ನೀವು ಮತ್ತೆ ಸರಿಯಾಗಿ ಸುತ್ತಬೇಡಿ. ಮಗುವಿನ ಮನಸ್ಸು ಅಲ್ಲೇ ಮುದುಡಿ ಹೋಗುತ್ತದೆ.

ಬಣ್ಣದ ಪುಡಿ ಯಾವುದಕ್ಕೂ ಬೇಡ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಬೊಂಬಾಯಿ ಮಿಠಾಯಿಗೆ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಪರೀಕ್ಷೆ ಮಾಡಿದಾಗ ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಸಿಕ್ಕಿತ್ತು. ಬಣ್ಣ ಬೇಕೇ ಬೇಕೆಂದರೆ ಬೀಟ್‌ರೂಟಿನ ರಸ, ಅರಿಶಿನ ಇವೆ.

ಶಕ್ತಿ ಎಷ್ಟು, ಆಸೆ ಎಷ್ಟು

ನಮ್ಮ ಜಿಲ್ಲೆಯಲ್ಲಿ ಮಕ್ಕಳ ಅಪೌಷ್ಟಿಕತೆ ಹೆಚ್ಚು. ಅದಕ್ಕೇ 2021ರ ಡಿಸೆಂಬರಿನಲ್ಲಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಮೊದಲು ಆರಿಸಿದ ಜಿಲ್ಲೆಗಳಲ್ಲಿ ರಾಯಚೂರೂ ಒಂದು. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಎಳ್ಳಿನಲ್ಲಿ ಎಲುಬಿಗೆ ಬೇಕಾದ ಸುಣ್ಣದ ಅಂಶ ಇದೆ. ಹತ್ತು ರೂಪಾಯಿಯ ಕುರುಕಲು ಪಾಕೀಟಿನಲ್ಲಿ ಗಾಳಿ, ಉಪ್ಪು, ಎಣ್ಣೆ. ಯಾವುದು ಲಾಭ, ನೀವೇ ಲೆಕ್ಕ ಹಾಕಿ.

ಆದರೆ ಉಂಡಿ ತಿಂದರೆ ರಕ್ತಹೀನತೆ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಲ್ಲದಲ್ಲಿರುವ ಕಬ್ಬಿಣದ ಅಂಶ ಸ್ವಲ್ಪವೇ. ಶಾಲೆಯಲ್ಲಿ, ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರು ಕೊಡುವ ಕಬ್ಬಿಣದ ಮಾತ್ರೆ, ಸೊಪ್ಪು, ಬೇಳೆ, ಮೊಟ್ಟೆ ಇವು ಬೇಕೇ ಬೇಕು. ಉಂಡಿ ಊಟದ ಜೊತೆಗೆ, ಊಟದ ಬದಲಿಗೆ ಅಲ್ಲ. ಕರಿದದ್ದು ಹಬ್ಬಕ್ಕೆ ಮಾತ್ರ. ಸಕ್ಕರೆ ಕಾಯಿಲೆ ಇರುವ ಅಜ್ಜಿಯರು "ಬೆಲ್ಲ ಅಲ್ರೀ, ಏನೂ ಆಗಲ್ಲ" ಅನ್ನುತ್ತೀರಿ. ಆಗುತ್ತದೆ. ರುಚಿ ನೋಡುವ ಕೆಲಸವನ್ನು ಮೊಮ್ಮಕ್ಕಳಿಗೆ ಬಿಡಿ.

ಒಲೆಯ ಹತ್ತಿರ ಎಚ್ಚರ

ಎಣ್ಣೆ ಕಾಯಿಸುವ ಮೊದಲು ನೆಲದ ಮೇಲೆ ಸೀಮೆಸುಣ್ಣದಿಂದ ಅಥವಾ ರಂಗೋಲಿಯಿಂದ ಒಲೆಯ ಸುತ್ತ ಮೂರು ಮಾರು ದೂರ ಗೆರೆ ಹಾಕಿ. "ಇದು ಲಕ್ಷ್ಮಣ ರೇಖೆ, ದಾಟಬಾರದು" ಅಂತ ಹೇಳಿ. ನೆಲದ ಮೇಲಿನ ಒಲೆಯಾದರೆ ಮೂಲೆಯಲ್ಲಿರಲಿ, ಓಡಾಡುವ ದಾರಿಯಲ್ಲಿ ಬೇಡ. ಹಬ್ಬದ ಹೊಸ ನೈಲಾನ್ ಫ್ರಾಕು ಹಾಕಿಕೊಂಡು ಒಲೆಯ ಹತ್ತಿರ ಬರುವುದು ಬೇಡ, ಹತ್ತಿ ಬಟ್ಟೆ ಇರಲಿ. ಒದ್ದೆ ಕೈ, ಒದ್ದೆ ಜಾಲರಿ ಎಣ್ಣೆಗೆ ಹೋಗಬಾರದು.

ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ಗ್ಯಾಸ್ ಬಂದ್ ಮಾಡಿ, ದೊಡ್ಡ ಮುಚ್ಚಳದಿಂದ ಮುಚ್ಚಿ. ಮೈ ಸುಟ್ಟರೆ ಕೂಡಲೇ ತಣ್ಣನೆ ನೀರನ್ನು ಇಪ್ಪತ್ತು ನಿಮಿಷ ಸುರಿಯುತ್ತಿರಿ. ಪೇಸ್ಟು, ಶಾಯಿ, ಬೂದಿ, ಬೆಣ್ಣೆ ಏನನ್ನೂ ಹಚ್ಚಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದೊಯ್ಯಿರಿ, 108ಕ್ಕೆ ಫೋನ್ ಮಾಡಿ. ಒಮ್ಮೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದೂ ಬೇಡ.

ಅಜ್ಜಿ ಹೇಳಲಿ, ಮೊಮ್ಮಗಳು ಬರೆಯಲಿ

ನಿಮ್ಮಲ್ಲಿ ಕೆಲವರಿಗೆ ಓದು ಬರಹ ಬರುವುದಿಲ್ಲ ಅಂತ ಸಂಕೋಚ. ಆದರೆ ಸೋಲಿಗಿ, ಪಾವು, ಸೇರಿನ ಲೆಕ್ಕ ನಿಮ್ಮ ಬೆರಳ ತುದಿಯಲ್ಲಿದೆ. ಮೊಮ್ಮಕ್ಕಳಿಗೆ ಗ್ರಾಂ, ಕಿಲೋ ಗೊತ್ತು, ಪಾವು ಗೊತ್ತಿಲ್ಲ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಅಜ್ಜಿ ತನ್ನ ಬಟ್ಟಲಲ್ಲಿ ಅಳೆದು ಹೇಳಲಿ, ಮೊಮ್ಮಗಳು ತೂಕ ಮಾಡಿ ಗ್ರಾಮಿನಲ್ಲಿ ಬರೆದುಕೊಳ್ಳಲಿ. "ಹದ ಬರೋತನಕ" ಅಂತೀರಲ್ಲ, ಆ ಹದ ಹೇಗಿರುತ್ತದೆ ಅಂತ ಮಗು ಮುಟ್ಟಿ ನೋಡಿ ತನ್ನ ಮಾತಿನಲ್ಲಿ ಬರೆಯಲಿ. ಶಾಲೆಯ ಕನ್ನಡ ಪಾಠವೂ ಆಯಿತು, ಗಣಿತವೂ ಆಯಿತು. ಬರೆದದ್ದನ್ನು ಅಜ್ಜಿಗೆ ಓದಿ ಹೇಳಲಿ. ನಿಮ್ಮ ಮಾತು ಅಕ್ಷರವಾದದ್ದನ್ನು ನೀವು ಕೇಳುತ್ತೀರಿ. ಅದರ ಕೆಳಗೆ ಅಜ್ಜಿಯ ಹೆಸರು, ಊರು, ತಾರೀಕು ಬರೆಸಿ. ಬೆಳೆ ಪಹಣಿಯಲ್ಲಿ, ಮನೆ ಪತ್ರದಲ್ಲಿ ನಮ್ಮ ಹೆಣ್ಣುಮಕ್ಕಳ ಹೆಸರು ಎಷ್ಟು ಕಡೆ ಇದೆ? ಈ ಒಂದು ಪುಸ್ತಕದಲ್ಲಾದರೂ ಇರಲಿ.

ಮಾರಾಟ ಮಾಡಬಹುದೇ?

ಕೆಲವು ಸಂಘದವರು ಕೇಳಿದ್ದೀರಿ. ಮಾಡಬಹುದು. ಆದರೆ ಮೂರು ಮಾತು ನೆನಪಿಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ತಿಂಡಿ ಮಾಡಿ ಮಾರುವ ಸಣ್ಣವರೂ ನೋಂದಣಿ ಮಾಡಿಸಬೇಕು. ಪಾಕೀಟಿನ ಮೇಲೆ ಏನೇನು ಹಾಕಿದೆ, ಯಾವತ್ತು ಮಾಡಿದ್ದು ಅಂತ ಬರೆಯಬೇಕು. ಬೆಲೆ ಇಡುವಾಗ ಸಾಮಾನು, ಗ್ಯಾಸು, ಬಸ್ ಚಾರ್ಜಿನ ಜೊತೆಗೆ ನಿಮ್ಮ ಕೂಲಿಯನ್ನೂ ಹಿಡಿಯಬೇಕು. "ಮನ್ಯಾಗ ಸುಮ್ನ ಕುಂತಿದ್ದೆ" ಅಂತ ಕೂಲಿ ಬಿಟ್ಟರೆ ಅದು ವ್ಯಾಪಾರ ಆಗುವುದಿಲ್ಲ.

ಮೂರನೆಯ ಮಾತು ಎಲ್ಲಕ್ಕಿಂತ ದೊಡ್ಡದು. ಮಾರಾಟದ ತಿಂಡಿಗೆ ಮೊಮ್ಮಕ್ಕಳನ್ನು ಕೂಡಿಸಬೇಡಿ. ಮನೆಯ ಹಬ್ಬಕ್ಕೆ 30 ಉಂಡಿ ಕಟ್ಟುವುದು ಮಗುವಿಗೆ ಆಟ. ಅಂಗಡಿಗೆ 3,000 ಉಂಡಿ ಕಟ್ಟುವುದು ದುಡಿಮೆ. ಡಿಸೆಂಬರ್ ಅಂದರೆ ನಮ್ಮ ಕಡೆ ಹತ್ತಿ ಬಿಡಿಸುವ ಕಾಲವೂ ಹೌದು. ಶಾಲೆ ಬಿಡಿಸಿ ಮಕ್ಕಳನ್ನು ಟಂಟಂ ಗಾಡಿಯಲ್ಲಿ ತುಂಬಿಕೊಂಡು ಹೋಗುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ದಿನದ ಕೂಲಿ ಬರುತ್ತದೆ ನಿಜ, ಆದರೆ ತಪ್ಪಿದ ಪಾಠ ಮರಳಿ ಬರುವುದಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವುದು ಕಾನೂನಿನ ಪ್ರಕಾರ ಅಪರಾಧ. ಬೆಥ್ಲೆಹೇಮಿನಲ್ಲಿ ಹುಟ್ಟಿದ ಬಡ ಕೂಸಿನ ಹಬ್ಬ ಮಾಡುವ ನಾವು, ನಮ್ಮ ಓಣಿಯ ಬಡ ಕೂಸನ್ನು ಹೊಲಕ್ಕೆ ಕಳಿಸಿದರೆ ಆ ಹಬ್ಬಕ್ಕೆ ಅರ್ಥ ಇಲ್ಲ.

ತಟ್ಟೆ ಖಾಲಿ ಬರುವುದಿಲ್ಲ

ಕೊನೆಗೆ ಹಂಚುವ ಮಾತು. ಮಾಡಿದ್ದರಲ್ಲಿ ಒಂದು ಪಾಲು ಮನೆಗೆ, ಒಂದು ಪಾಲು ನೆರೆಗೆ, ಒಂದು ಪಾಲು ದೂರದಲ್ಲಿ ದುಡಿಯುವವರಿಗೆ. ನೆರೆಗೆ ಕೊಡುವಾಗ ಮಕ್ಕಳ ಕೈಯಲ್ಲೇ ಕಳಿಸಿ. ಯಾರ ಮನೆಗೆ ಮೊದಲು ಹೋಗಬೇಕು ಅಂತ ಅವರನ್ನೇ ಕೇಳಿ. ಒಂಟಿ ಮುದುಕಿಯ ಮನೆ, ಈ ವರ್ಷ ಸಾವು ಆದ ಮನೆ, ಹಬ್ಬ ಮಾಡಲು ಕೈಯಲ್ಲಿ ಏನೂ ಇಲ್ಲದವರ ಮನೆ, ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರ ಮನೆ. ನಮ್ಮ ಕಡೆ ಕೊಟ್ಟ ತಟ್ಟೆಯನ್ನು ಯಾರೂ ಖಾಲಿ ಕಳಿಸುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಾರೆ. ಹಾಗೆ ಹೋಗಿ ಬರುವ ತಟ್ಟೆಯೇ ಊರನ್ನು ಕಟ್ಟುತ್ತದೆ. ಜಾತಿ, ಧರ್ಮದ ಹೆಸರಿನಲ್ಲಿ ಮನಸ್ಸು ಒಡೆಯುವ ಮಾತು ಮೊಬೈಲಿನಲ್ಲಿ ದಿನಾ ಬರುತ್ತಿರುವಾಗ, ಇನ್ನೊಂದು ಮನೆಯ ಹೊಸ್ತಿಲು ತುಳಿದು ತಿಂಡಿ ಕೊಟ್ಟು ಬಂದ ಮಗು ಅಂಥ ಮಾತನ್ನು ಬೇಗ ನಂಬುವುದಿಲ್ಲ.

ಹಾಗಾದರೆ ಈ ಸಭೆಯಿಂದ ಮೂರು ಕೆಲಸ ಹೊತ್ತುಕೊಂಡು ಹೋಗೋಣ. ಪ್ರತಿ ಸಂಘದಲ್ಲಿ ಹಬ್ಬದ ಉಳಿತಾಯದ ಪುಸ್ತಕ ಶುರುವಾಗಲಿ. ಕ್ರಿಸ್ಮಸ್ಸಿಗೆ ಮುಂಚಿನ ಭಾನುವಾರ ಪ್ರತಿ ಅಜ್ಜಿ ಮೊಮ್ಮಕ್ಕಳೊಂದಿಗೆ ಒಂದಾದರೂ ತಿಂಡಿ ಮಾಡಲಿ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆಸಲಿ. ತಂದೆ ತಾಯಿ ಗುಳೆ ಹೋದ ಮಕ್ಕಳು ನಿಮ್ಮ ಓಣಿಯಲ್ಲಿದ್ದರೆ, ನಿಮ್ಮ ಮೊಮ್ಮಕ್ಕಳ ಪಕ್ಕದಲ್ಲಿ ಅವರಿಗೂ ಒಂದು ಮಣೆ ಹಾಕಿ. ಜನವರಿ ತಿಂಗಳ ಸಭೆಗೆ ಬರುವಾಗ ಆ ನೋಟ್‌ಬುಕ್ಕುಗಳನ್ನು ತನ್ರಿ, ಮಕ್ಕಳೇ ಎದ್ದು ನಿಂತು ಓದಲಿ. ಒಂದೊಂದು ಉಂಡಿ ತಂದರೆ ಬೇಡ ಅನ್ನುವುದಿಲ್ಲ!

ಎಲ್ಲರಿಗೂ ಕ್ರಿಸ್ತ ಜಯಂತಿಯ, ಎಳ್ಳಮಾವಾಸ್ಯೆಯ ಹಾಗೂ ಹೊಸ ವರ್ಷದ ಶುಭಾಶಯಗಳು.